ಬಿಸ್ಕತ್ತಿನ ಅರ್ಥ ಮತ್ತು ಹದಿಮೂರರ ಮಗ್ಗಿ

ಎಲ್ಲ ರಾದ್ಧಾಂತಕ್ಕೂ ಮೂಲ ಎಂಟು ಅಡಿ ಖಾಲಿ ಗೋಡೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಪಂಡಿತನ ಹೆಂಡತಿ ನಿಘಂಟಿನ ಮೇಲೆ ಹಾಕುತ್ತಾಳೆ, ಮೇಷ್ಟ್ರು ಬೇಕರಿಯ ಮೇಲೆ ಹಾಕುತ್ತಾರೆ, ಇನ್‌ಸ್ಪೆಕ್ಟರ್ ಸಾಹೇಬರು ಅರ್ಜಿಯ ಏಳನೇ ಕಾಲಮ್ಮಿನ ಮೇಲೆ ಹಾಕುತ್ತಾರೆ. ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಬೇಡಿ. ತಪ್ಪು ಗೋಡೆಯದೇ.

ಪಂಡಿತ ಬೋರ್ಡು ಬರೆಯುವ ಪೇಂಟರ್. ಪಂಡಿತ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಹಳೇ ಪೇಪರ್ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕಿದ್ದ ದಪ್ಪ ಇಂಗ್ಲಿಷ್ ನಿಘಂಟೊಂದನ್ನು ಮನೆಗೆ ತಂದ ದಿನದಿಂದ ಅವನು ಸಿಕ್ಕಸಿಕ್ಕವರಿಗೆ ಪದಗಳ ಅರ್ಥ ಹೇಳುವ ಚಟ ಹಚ್ಚಿಕೊಂಡಿದ್ದ. ಆ ನಿಘಂಟಿನ ಮೊದಲ ಪುಟಗಳನ್ನು ಗೆದ್ದಲು ಮುಗಿಸಿತ್ತು. ಹಾಗಾಗಿ ಆಪಲ್ ಎಂದರೇನು, ಬನಾನ ಎಂದರೇನು ಎಂದು ಕೇಳಿದರೆ ಪಂಡಿತ ಉಗುಳು ನುಂಗುತ್ತಿದ್ದ. ಉಳಿದ ಮೊದಲ ಪುಟ ಶುರುವಾಗುತ್ತಿದ್ದುದೇ ಬಿಸ್ಕತ್ತಿನಿಂದ. ಪ್ರತಿ ಸಲ ಓದಲು ಕೂತಾಗಲೂ ಮೊದಲಿನಿಂದ ಶುರು ಮಾಡುವ ಶಿಸ್ತು ಅವನದಾದ್ದರಿಂದ, ಬಿಸ್ಕತ್ತಿನ ವಿಷಯದಲ್ಲಿ ಅವನನ್ನು ಮೀರಿಸುವವರು ಯಾರೂ ಇರಲಿಲ್ಲ.

ಬೇಕರಿ ಅವನ ಸೋದರಮಾವನದು. ಇಟ್ಟಿಗೆಯ ದೊಡ್ಡ ಭಟ್ಟಿ, ಮುಂದೆ ಗಾಜಿನ ಬೀರು, ಪಕ್ಕದಲ್ಲಿ ಹನ್ನೆರಡು ಅಡಿ ಉದ್ದದ ಗೋಡೆ. ಮೂವತ್ತು ವರ್ಷದ ಹಿಂದೆ ಪಂಡಿತ ಮೊಟ್ಟಮೊದಲು ಕುಂಚ ಹಿಡಿದಾಗ ಆ ಗೋಡೆಯ ಮೇಲೇ 'ಇಲ್ಲಿ ಬಿಸ್ಕತ್ತು ಸಿಗುತ್ತದೆ' ಎಂದು ಕೆಂಪು ಬಣ್ಣದಲ್ಲಿ ಬರೆದಿದ್ದ. ಬರೆದದ್ದು ನಾಲ್ಕೇ ಅಡಿ, ಏಕೆಂದರೆ ಮಿಕ್ಕ ಗೋಡೆಗೆ ಸೌದೆ ಒಟ್ಟಿತ್ತು. ಈಗ ಮಾವ ಸೌದೆಯನ್ನು ಹಿತ್ತಲಿಗೆ ಸಾಗಿಸಿದ್ದರು.

"ಹಳೇ ಅಕ್ಷರದ ಮೇಲೇ ಒಂದು ಕೈ ಬಣ್ಣ ಎಳೆದುಬಿಡು. ಲೈಸೆನ್ಸಿಗೆ ಅರ್ಜಿ ಹಾಕಿದೀನಿ. ಇನ್‌ಸ್ಪೆಕ್ಟರ್ ಬರ್ತಾರೆ, ಸ್ವಲ್ಪ ನೀಟಾಗಿ ಕಾಣ್ಲಿ," ಎಂದು ಹೇಳಿ ಮಾವ ಊಟ ಮಾಡಿ ಮಲಗಿದರು. ಬೆಳಗಾಗುವ ಮೊದಲೇ ಎದ್ದು ಹಿಟ್ಟು ಕಲಸುವ ಮನುಷ್ಯ, ಮಧ್ಯಾಹ್ನ ನಾಲ್ಕರವರೆಗೆ ನಿದ್ದೆ ಮಾಡುವುದು ಅವರ ಐವತ್ತು ವರ್ಷದ ರೂಢಿ.

ಪಂಡಿತ ಹಳೆಯ ಅಕ್ಷರಗಳಿಗೆ ಬಣ್ಣ ತುಂಬಿ ಮುಗಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಎಂಟು ಅಡಿ ಗೋಡೆ ಖಾಲಿ. ಅವನಿಗೆ ಗೋಡೆ ಬರೆಯಲು ಸಿಕ್ಕಿ ಎರಡು ವರ್ಷವಾಗಿತ್ತು. ಈಗೆಲ್ಲರೂ ಬೋರ್ಡನ್ನು ಪ್ಲಾಸ್ಟಿಕ್ ಬಟ್ಟೆಯ ಮೇಲೆ ಮಷೀನಿನಲ್ಲಿ ಅಚ್ಚು ಹಾಕಿಸಿ ಸುರುಳಿ ಸುತ್ತಿ ತರುತ್ತಾರೆ. ಡಬ್ಬಿಯಲ್ಲಿ ಇನ್ನೂ ಅರ್ಧ ಬಣ್ಣ ಇತ್ತು, ಕೈಯಲ್ಲಿ ಕುಂಚ ಇತ್ತು, ತಲೆಯಲ್ಲಿ ನಿಘಂಟು ಇತ್ತು, ಎಚ್ಚರಿಸಬೇಕಾದ ಮಾವ ಗೊರಕೆ ಹೊಡೆಯುತ್ತಿದ್ದರು. ಪಂಡಿತ ಸೀಮೆಸುಣ್ಣ ಬಳಿದ ದಾರ ಎಳೆದು ಗೆರೆ ಹೊಡೆದ.

ಮಾವ ಎದ್ದು ಬರುವ ಹೊತ್ತಿಗೆ ಗೋಡೆ ತುಂಬಿತ್ತು: 'ಬಿಸ್ಕತ್ತು ಎಂಬ ಪದದ ಮೂಲಾರ್ಥ: ಎರಡು ಬಾರಿ ಬೇಯಿಸಿದ್ದು. ಹಿಂದಿನ ಕಾಲದಲ್ಲಿ ಹಡಗಿನವರು ತಿಂಗಳುಗಟ್ಟಲೆ ಕೆಡದಿರಲೆಂದು ಹೀಗೆ ಮಾಡುತ್ತಿದ್ದರು. ಅಸಲಿ ಬಿಸ್ಕತ್ತಿಗೆ ಇಲ್ಲಿಗೇ ಬನ್ನಿ.'

ಮಾವ ಕನ್ನಡಕ ತರಲು ಒಳಗೆ ಹೋಗಲಿಲ್ಲ. "ಚೆನ್ನಾಗಿದೆ ಕಣೋ, ದುಂಡಗಿದೆ," ಎಂದು ಅಕ್ಷರವನ್ನು ಹೊಗಳಿದರು. ಪಂಡಿತನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮರುದಿನ ಬೆಳಿಗ್ಗೆ ಗೋಡೆಯ ಮುಂದೆ ಮೊದಲು ನಿಂತವರು ನಿವೃತ್ತ ಮೇಷ್ಟ್ರು. ಮೂವತ್ತೈದು ವರ್ಷ ಲೆಕ್ಕ ಹೇಳಿಕೊಟ್ಟವರು ಅವರು. ಮದುವೆ ಆಮಂತ್ರಣದಲ್ಲೂ ತಪ್ಪು ಹುಡುಕದೆ ಊಟಕ್ಕೆ ಕೂರುವವರಲ್ಲ. ಗೋಡೆಯಲ್ಲಿ ಕಾಗುಣಿತದ ತಪ್ಪು ಸಿಗದೆ ಅವರಿಗೆ ನಿರಾಸೆಯಾಯಿತು. ಎರಡನೇ ಸಲ ಓದಿದಾಗ ಬೇರೊಂದು ಸಿಕ್ಕಿತು.

"ಏನಪ್ಪಾ, ನೀನು ಎರಡು ಸಲ ಬೇಯಿಸ್ತೀಯಾ?"

"ಯಾಕೆ ಮೇಷ್ಟ್ರೇ? ಒಂದೇ ಸಲ. ನನ್ನ ಭಟ್ಟಿಯಿಂದ ಹೊರಗೆ ಬಂದದ್ದು ಮತ್ತೆ ಒಳಗೆ ಹೋಗಲ್ಲ," ಎಂದರು ಮಾವ. ಅದು ಅವರ ಹೆಮ್ಮೆಯ ಮಾತು. ವಾಪಸು ಒಳಗಿಡುವುದೆಂದರೆ ಮೊದಲು ಹಸಿಯಾಗಿತ್ತು ಎಂದು ಒಪ್ಪಿಕೊಂಡಂತೆ ಎನ್ನುವುದು ಅವರ ಸಿದ್ಧಾಂತ.

"ಗೋಡೆ ಹಾಗೆ ಹೇಳ್ತಿಲ್ವಲ್ಲ."

ಮಾವ ಈಗ ಕನ್ನಡಕ ತಂದರು. ಅಷ್ಟರಲ್ಲಿ ಎದುರಂಗಡಿಯ ಟೈಲರ್ ಕತ್ತಿನಲ್ಲಿ ಅಳತೆ ಟೇಪಿನ ಸಮೇತ ಬಂದ. ಮಹಡಿ ಮನೆಯ ಅಮ್ಮ ಮೇಲಿನಿಂದಲೇ ಬಗ್ಗಿ ವಿಷಯ ಕೇಳಿ, ಸರಿಯಾಗಿ ಕೇಳಿಸಲಿಲ್ಲವೆಂದು ಇಳಿದೇ ಬಂದರು.

"ಅಂದ್ರೆ ಇಷ್ಟು ವರ್ಷ ನಾವು ಅರ್ಧ ಬೆಂದಿದ್ದು ತಿಂದಿದೀವಿ ಅನ್ನಿ," ಎಂದ ಟೈಲರ್.

"ನಮ್ಮನೆಯವರ ಹೊಟ್ಟೆನೋವು ಯಾವುದರಿಂದ ಅಂತ ಈಗ ಗೊತ್ತಾಯ್ತು ನೋಡಿ. ಸುಮ್ಮನೆ ನನ್ನ ಅಡುಗೆ ಮೇಲೆ ನಾನೇ ಅನುಮಾನ ಪಟ್ಕೊಂಡಿದ್ದೆ," ಎಂದರು ಮಹಡಿ ಅಮ್ಮ.

"ಅವರೂ ಪಟ್ಟಿದ್ರು," ಎಂದ ಟೈಲರ್, ಮತ್ತು ಕೂಡಲೇ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿರುವುದು ನೆನಪಾಗಿ ಹೊರಟುಹೋದ.

ಮಧ್ಯಾಹ್ನದೊಳಗೆ ಸುದ್ದಿ ಬೀದಿಯ ಆ ತುದಿ ಮುಟ್ಟಿತು. ಹೋಗುತ್ತ ಹೋಗುತ್ತ ಅದು ದಪ್ಪವಾಯಿತು. ಬೇಕರಿಯಲ್ಲಿ ಬೇಯಿಸುವುದೇ ಇಲ್ಲವಂತೆ, ಬಿಸಿಲಿಗೆ ಒಣಗಿಸಿ ಬಣ್ಣ ಬಳಿಯುತ್ತಾರಂತೆ, ಬಣ್ಣಕ್ಕೆ ಅಳಿಯ ಪೇಂಟರ್ ಇದ್ದಾನಲ್ಲ ಎಂಬಲ್ಲಿಗೆ ಬಂತು. ಸಂಜೆ ಬಿಸ್ಕತ್ತಿನ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಇತ್ತು.

ಮನೆಯಲ್ಲಿ ಹೆಂಡತಿ ತಟ್ಟೆ ಇಡುತ್ತ ಹೇಳಿದಳು. "ಮಾವ ನಿಮಗೆ ಏನು ಬರಿ ಅಂದ್ರು, ನೀವು ಏನು ಬರೆದ್ರಿ?"

"ನಾನು ಬರೆದಿದ್ದು ಸುಳ್ಳಲ್ಲ ಕಣೇ. ನಿಘಂಟಲ್ಲೇ ಇದೆ."

"ರೀ, ನಿಮ್ಮ ನಿಘಂಟಿಗೆ ಹೋದ ಗೆದ್ದಲು ಇನ್ನೊಂದೇ ಒಂದು ಪುಟ ಮುಂದೆ ಹೋಗಿದ್ರೆ ಆ ಮುದುಕರು ಇವತ್ತು ಊಟ ಮಾಡ್ತಿದ್ರು."

ಮಾವ ಊಟ ಮಾಡಿಲ್ಲ ಎಂಬುದು ಪಂಡಿತನಿಗೆ ಆಗಲೇ ಗೊತ್ತಾದದ್ದು. ಅವನೂ ತಟ್ಟೆ ಪಕ್ಕಕ್ಕೆ ಸರಿಸಿದ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟೊಡನೆ ಅವನು ಓಡಿಹೋಗುತ್ತಿದ್ದುದು ಮನೆಗಲ್ಲ, ಆ ಬೇಕರಿಗೆ. ಅಮ್ಮ ಕೆಲಸದಿಂದ ಬರುವತನಕ ಅವನನ್ನು ನೋಡಿಕೊಂಡವಳು ಅತ್ತೆ, ಮಾವನ ಹೆಂಡತಿ. ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು. ಅವಳ ನಂತರ ಮಾವನಿಗೆ ಉಳಿದದ್ದು ಆ ಭಟ್ಟಿಯೊಂದೇ.

ಮೂರನೇ ದಿನ ಇನ್‌ಸ್ಪೆಕ್ಟರ್ ಬಂದರು. ತೆಳ್ಳಗಿನ ಮನುಷ್ಯ, ದಪ್ಪ ಫೈಲು. ಭಟ್ಟಿ ನೋಡಿದರು, ಹಿಟ್ಟಿನ ಚೀಲ ನೋಡಿದರು, ಮಾವನ ಉಗುರು ನೋಡಿದರು. ಎಲ್ಲಕ್ಕೂ ಸರಿ ಗುರುತು ಹಾಕಿದರು. ಇನ್ನೇನು ಸಹಿ ಬೀಳಬೇಕು, ಮೇಷ್ಟ್ರು ಕೆಮ್ಮಿದರು.

"ಸಾರ್, ಹೊರಗಿನ ಗೋಡೆ ನೋಡಲಿಲ್ಲ ತಾವು."

ಇನ್‌ಸ್ಪೆಕ್ಟರ್ ಹೊರಗೆ ಬಂದು ಗೋಡೆ ಓದಿದರು. ಆಮೇಲೆ ಫೈಲು ತೆರೆದು ಅರ್ಜಿ ಓದಿದರು. ಮತ್ತೆ ಗೋಡೆ ಓದಿದರು. ಅಷ್ಟರಲ್ಲಿ ಬೀದಿಗೆ ಬೀದಿಯೇ ಬಂದು ಸುತ್ತ ನಿಂತಿತ್ತು.

"ಏಳನೇ ಕಾಲಮ್ಮು, ತಯಾರಿಸುವ ವಿಧಾನ. ನೀವು 'ಒಂದು ಬಾರಿ ಬೇಯಿಸುವುದು' ಅಂತ ಬರೆದಿದೀರಿ. ಗೋಡೆ ಮೇಲೆ ಎರಡು ಬಾರಿ ಅಂತ ಪ್ರಕಟಣೆ ಇದೆ. ಎರಡರಲ್ಲಿ ಒಂದು ಸುಳ್ಳು."

ಪಂಡಿತ ಮುಂದೆ ಬಂದ. "ಸಾರ್, ಅದು ಬರೀ ಪದದ ಅರ್ಥ ಸಾರ್. ಮಾಡೋದನ್ನ ಹೇಳಿದ್ದಲ್ಲ. ತಮ್ಮ ಅಭಿಪ್ರಾಯದಲ್ಲಿ..."

"ಬಿಸ್ಕತ್ತಿನ ಬಗ್ಗೆ ನನಗೆ ಅಭಿಪ್ರಾಯ ಇಲ್ಲ. ಇಲಾಖೆಗೆ ಇದೆ. 'ಅಸಲಿ' ಅಂತಾನೂ ಬರೆದಿದೀರಿ. ಒಂದು ವಾರ ಟೈಮ್ ಕೊಡ್ತೀನಿ. ಅರ್ಜಿ ಗೋಡೆ ಥರ ಆಗಬೇಕು, ಇಲ್ಲ ಗೋಡೆ ಅರ್ಜಿ ಥರ ಆಗಬೇಕು. ಇಲ್ಲದಿದ್ರೆ ಲೈಸೆನ್ಸ್ ಇಲ್ಲ."

ಸುಣ್ಣ ಬಳಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಪಂಡಿತನಿಗೂ ಅನಿಸಿತು. ಸಂಜೆಯೇ ಬಕೆಟ್ಟು ತಂದ. ಆದರೆ ಬೀದಿ ಬಿಡಬೇಕಲ್ಲ. ಮೇಷ್ಟ್ರು ಗೋಡೆಗೆ ಬೆನ್ನು ಕೊಟ್ಟು ನಿಂತರು. "ಸತ್ಯ ಅಳಿಸ್ತೀಯೇನೋ? ಬರೆದಿದ್ದು ಸರಿ ಇದೆ. ಸರಿಯಾಗ್ಬೇಕಾದ್ದು ಬಿಸ್ಕತ್ತು."

"ಅಳಿಸಿದ್ರೆ ತಪ್ಪು ಒಪ್ಕೊಂಡ ಹಾಗೆ," ಎಂದ ಟೈಲರ್.

"ಅಳಿಸದಿದ್ರೂ ಒಪ್ಕೊಂಡ ಹಾಗೇ," ಎಂದರು ಮಹಡಿ ಅಮ್ಮ. ಅವರಿಗೆ ಯಾವ ಕಡೆಯ ವಾದ ಬಿಡುವುದಕ್ಕೂ ಮನಸ್ಸಿರಲಿಲ್ಲ.

ಮಾವ ಬಾಗಿಲಲ್ಲಿ ಬಂದು ನಿಂತರು. "ಬಿಡ್ರಪ್ಪ. ಎಪ್ಪತ್ತಾಯ್ತು ನನಗೆ. ನಾನು ಮಾಡಿದ್ದು ಬಿಸ್ಕತ್ತೇ ಅಲ್ಲ ಅಂದ್ಮೇಲೆ ಯಾಕೆ ಮಾಡ್ಬೇಕು? ಮುಚ್ಚಿಬಿಡ್ತೀನಿ," ಎಂದರು. ಪಂಡಿತನ ಮುಖ ನೋಡಲಿಲ್ಲ.

ಆ ಮಾತಿಗೆ ಗುಂಪು ತಣ್ಣಗಾಯಿತು. ಬೇಕರಿ ಮುಚ್ಚಲಿ ಎಂದು ಯಾರೂ ಬಂದಿರಲಿಲ್ಲ. ಜಗಳ ನೋಡಲು ಬಂದಿದ್ದರು, ಅಷ್ಟೆ.

ಮಹಡಿ ಅಮ್ಮನ ದನಿ ಮೆತ್ತಗಾಯಿತು. "ಹಾಗಲ್ಲ ಅಣ್ಣ. ಸುಳ್ಳು ಯಾಕೆ ಹೇಳ್ಲಿ, ಮೊದಲಿನ ಥರ ಇಲ್ಲ ನಿಮ್ಮ ಬಿಸ್ಕತ್ತು. ಆಗ ಸಂಜೆ ಡಬ್ಬೀದು ತಗೊಂಡು ಹೋದ್ರೆ, ಮುರಿದ್ರೆ ಪಕ್ಕದ ಕೋಣೇಗೆ ಕೇಳಿಸ್ತಿತ್ತು. ಅತ್ತಿಗೆ ಹೋದ್ಮೇಲೆ..."

"ಟೀ ಒಳಗೆ ಅದ್ದಿದ್ರೂ ನೆಟ್ಟಗೆ ನಿಂತಿರೋದು. ಈಗ ಎರಡೆಣಿಸೋದ್ರೊಳಗೆ ತಳ ಸೇರುತ್ತೆ," ಎಂದ ಟೈಲರ್.

"ಒಂದು ಚೂರು ಕೆಂಪಗಿರ್ತಿತ್ತು," ಎಂದರು ಮೇಷ್ಟ್ರು. ಅವರ ದನಿಯಲ್ಲಿ ಮೊದಲ ಸಲ ತಿದ್ದುಪಡಿ ಇರಲಿಲ್ಲ.

"ಅದೇ ಹಿಟ್ಟು, ಅದೇ ಸಕ್ಕರೆ, ಅದೇ ಕೈ!" ಎಂದು ಮಾವ ರೇಗಿದರು. "ನಿಮ್ಮ ನಾಲಿಗೆಗೆ ವಯಸ್ಸಾಗಿದೆ." ಬಾಗಿಲು ಹಾಕಿಕೊಂಡರು.

ಪಂಡಿತ ಬಕೆಟ್ಟು ಹಿಡಿದು ನಿಂತೇ ಇದ್ದ. ಮಹಡಿ ಅಮ್ಮ ಹೇಳಿದ ಸಂಜೆ ಡಬ್ಬಿ ಎಂಬ ಮಾತು ಈಗ ತಲೆಗೆ ಹೋಗಿ ಅವನ ಕೈಯಿಂದ ಬಕೆಟ್ಟು ಜಾರಿ ಸುಣ್ಣವೆಲ್ಲ ಮೇಷ್ಟ್ರ ಚಪ್ಪಲಿಯ ಮೇಲಾಯಿತು. ನಲವತ್ತು ವರ್ಷ ಜೋಪಾನ ಮಾಡಿ, ಜೋಪಾನ ಮಾಡಿದ್ದೇನೆಂಬುದನ್ನೇ ಮರೆತಿದ್ದ ಒಂದು ಗುಟ್ಟು ಅವನಿಗೆ ನೆನಪಾಗಿತ್ತು.

ಬಾಗಿಲು ತಟ್ಟಿ, ತೆಗೆಯುವತನಕ ತಟ್ಟಿ, ಒಳಗೆ ಹೋದ. ಮಾವ ಭಟ್ಟಿಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದರು.

"ಮಾವ, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು. ಹೇಳಬೇಡ ಅಂತ ಅತ್ತೆ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು."

ಮಾವ ತಲೆ ಎತ್ತಿದರು.

"ನೀವು ಮಧ್ಯಾಹ್ನ ಮಲಗ್ತಿದ್ರಲ್ಲ, ಆಗ ಅತ್ತೆ ಬಿಸ್ಕತ್ತನ್ನ ಮತ್ತೆ ಭಟ್ಟಿಗೆ ಇಡ್ತಿದ್ಲು."

"ಏನು?"

"ಆರ್ತಾ ಬಂದ ಭಟ್ಟಿಗೆ. ಮೊದಲು ಹಿಂದಿನ ದಿನ ಉಳಿದು ಮೆತ್ತಗಾಗಿದ್ದನ್ನ ಇಡ್ತಿದ್ಲು. ಹಕ್ಕಿಗೆ ಹಾಕು ಅಂತ ನೀವು ಹೇಳ್ತಿದ್ರಲ್ಲ, ಅವಳಿಗೆ ಮನಸ್ಸು ಬರ್ತಿರಲಿಲ್ಲ. ಆಮೇಲೆ ಜನ ಅದನ್ನೇ ಕೇಳೋಕೆ ಶುರು ಮಾಡಿದ್ರು. ಹಾಗಾಗಿ ಅವತ್ತಿನದನ್ನೂ ಇಟ್ಲು. ಸಂಜೆ ಡಬ್ಬಿ ಅಂದ್ರೆ ಅದೇ."

ಮಾವ ಕಣ್ಣು ಕಣ್ಣು ಬಿಟ್ಟರು. ಅವರ ಭಟ್ಟಿಯಿಂದ ಹೊರಗೆ ಬಂದದ್ದು ಹತ್ತಿರ ಹತ್ತಿರ ನಲವತ್ತು ವರ್ಷ, ದಿನವೂ, ಅವರ ಗೊರಕೆಯ ಹಿನ್ನೆಲೆಯಲ್ಲಿ, ಮತ್ತೆ ಒಳಗೆ ಹೋಗಿ ಬಂದಿತ್ತು.

"ಮತ್ತೆ ಜನ ನನ್ನ ಕೈ ಹೊಗಳ್ತಿದ್ರಲ್ಲೋ."

"ಅತ್ತೆ ಪಕ್ಕದಲ್ಲೇ ನಿಂತಿರ್ತಿದ್ಲು. ಹೂಂ ಅಂತಿದ್ಲು."

ಬೈಯುತ್ತಾರೆ ಎಂದುಕೊಂಡಿದ್ದ ಪಂಡಿತ ಬಾಗಿಲಿಗೆ ಹತ್ತಿರವೇ ನಿಂತಿದ್ದ. ಕೊನೆಗೆ ಮಾವ ಕೇಳಿದ್ದು ಒಂದೇ ಮಾತು. "ಎಷ್ಟು ಹೊತ್ತು ಇಡ್ತಿದ್ಲು?"

ಇಲ್ಲಿ ಪಂಡಿತ ಪೇಚಿಗೆ ಸಿಕ್ಕಿಕೊಂಡ. ಗಡಿಯಾರ ಮಾವ ಮಲಗುವ ಕೋಣೆಯಲ್ಲಿತ್ತು, ಆ ಹೊತ್ತಿನಲ್ಲಿ ಅತ್ತೆ ಅಲ್ಲಿಗೆ ಹೋಗುತ್ತಿರಲಿಲ್ಲ. ಶಾಲೆ ಬಿಟ್ಟು ಬಂದ ಅವನನ್ನು ಭಟ್ಟಿಯ ಪಕ್ಕ ನಿಲ್ಲಿಸಿ, ಎರಡರಿಂದ ಹದಿನಾರರವರೆಗೆ ಮಗ್ಗಿ ಹೇಳಿಸುತ್ತಿದ್ದಳು. ಮೆಲ್ಲಗೆ, ಮಾವನಿಗೆ ಎಚ್ಚರವಾಗದ ಹಾಗೆ. ಹದಿನಾರು ಹತ್ತಲ ಆದ ಕೂಡಲೇ ಬಿಸ್ಕತ್ತು ಜೋಡಿಸಿದ ತಗಡು ಹೊರಗೆ. ಮೊದಲ ಬಿಸ್ಕತ್ತು ಅವನಿಗೆ, ಬಾಯಿಗೆ ಬೀಗ ಹಾಕಲು.

"ಮಗ್ಗಿ ಹೇಳು ಹಾಗಾದ್ರೆ," ಎಂದರು ಮಾವ.

ಐವತ್ತೆರಡನೇ ವಯಸ್ಸಿನಲ್ಲಿ ಮಗ್ಗಿ ಹೇಳು ಎಂದರೆ ಸುಮ್ಮನೆ ಮಾತಲ್ಲ. ಪಂಡಿತ ಎರಡು ದಿನ ಮನೆಯಲ್ಲಿ ಅಭ್ಯಾಸ ಮಾಡಿದ. ಹೆಂಡತಿ ತರಕಾರಿ ಹೆಚ್ಚುತ್ತ ತಪ್ಪು ಹಿಡಿದಳು. ಅದರ ಮರುದಿನ ಮಧ್ಯಾಹ್ನ ಮಾವ ಮಲಗದೆ ತಗಡನ್ನು ಭಟ್ಟಿಗೆ ತಳ್ಳಿದರು, ಪಂಡಿತ ಕೈಕಟ್ಟಿ ನಿಂತು ಎಲ್ಲೂ ನಿಲ್ಲದೆ ಹೇಳಿ ಮುಗಿಸಿದ. ತಗಡು ಹೊರಗೆ ಬಂತು. ಮಾವ ಒಂದನ್ನು ಕಡಿದು ನೋಡಿದರು.

"ಚೆನ್ನಾಗಿದೆ. ಆದ್ರೆ ಅದಲ್ಲ."

ಪಂಡಿತನೂ ಕಡಿದ. ಅದಲ್ಲ. ಕೆಂಪೂ ಇಲ್ಲ, ಆ ಸದ್ದೂ ಇಲ್ಲ.

"ಆಗಲೂ ಹೀಗೇ ಗಡಗಡ ಅಂತ ಹೇಳ್ತಿದ್ಯೇನೋ?"

"ಇಲ್ಲ ಮಾವ. ಹದಿಮೂರೇಳ್ಲದಲ್ಲಿ ಸಿಕ್ಕಿ ಹಾಕ್ಕೊಳ್ತಿದ್ದೆ. ದಿನಾ. ಅತ್ತೆ ಹೇಳಿಕೊಡ್ತಿರಲಿಲ್ಲ, ನೀನೇ ಯೋಚನೆ ಮಾಡು ಅಂತ ಸುಮ್ನೆ ಕೂತಿರ್ತಿದ್ಲು." ಪಂಡಿತ ಇನ್ನೊಂದು ಚೂರು ಕಡಿದ. "ನಾನು ದೊಡ್ಡವನಾಗಿ ಬರೋದು ಬಿಟ್ಮೇಲೆ ಅವಳೇ ಹೇಳ್ಕೊಳ್ತಿದ್ಲು. ಒಂದ್ಸಲ ಹಿತ್ತಲ ಬಾಗಿಲಿಗೆ ಬಣ್ಣ ಹೊಡೀತಾ ಕೇಳಿಸ್ಕೊಂಡೆ. ಅವಳೂ ಹದಿಮೂರೇಳ್ಲ ಅಂತ ಹೇಳಿ ನಿಂತುಬಿಟ್ಲು, ಎಷ್ಟೋ ಹೊತ್ತು. ಪಾಪ, ಅವಳಿಗೂ ಬರಲ್ಲ ಅಂದ್ಕೊಂಡೆ ನಾನು."

ಮಾವ ಕಡಿದ ಬಿಸ್ಕತ್ತನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

"ನಿಮ್ಮತ್ತೆಗೆ ಮೂವತ್ತರವರೆಗೆ ಬಾಯಿಪಾಠ ಇತ್ತು ಕಣೋ," ಎಂದರು.

ಕೊಟ್ಟ ವಾರ ಮುಗಿದ ದಿನ ಇನ್‌ಸ್ಪೆಕ್ಟರ್ ಮತ್ತೆ ಬಂದರು. ಹಿಂದೆ ಇಡೀ ಬೀದಿ ಬಂತು. ಮಾವ ಅರ್ಜಿಯ ಏಳನೇ ಕಾಲಮ್ಮು ತಿದ್ದಿ 'ಎರಡು ಬಾರಿ' ಎಂದು ಬರೆದಿದ್ದರು.

"ಎರಡನೇ ಬಾರಿಯ ಅವಧಿ?" ಎಂದು ಕೇಳಿದರು ಇನ್‌ಸ್ಪೆಕ್ಟರ್.

"ಈಗ ಹೇಳ್ತಾನೆ, ಬರ್ಕೊಳ್ಳಿ," ಎಂದು ಮಾವ ತಗಡು ಒಳಗಿಟ್ಟು ಅಳಿಯನ ಕಡೆ ತಿರುಗಿದರು.

ಪಂಡಿತ ಶುರು ಮಾಡಿದ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಸರ್ಕಾರಿ ಪೆನ್ನು, ಮಹಡಿ ಅಮ್ಮನ ಕಣ್ಣು, ಟೈಲರನ ನಗು, ಎಲ್ಲವೂ ಅವನ ಮೇಲೇ. ಒಂಬತ್ತರಲ್ಲಿ ಬೆವರು ಬಂತು, ಹನ್ನೊಂದರಲ್ಲಿ ಅಂಗಿಯ ತೋಳಿಗೆ ಮುಖ ಒರೆಸಿಕೊಂಡ. ಹದಿಮೂರಕ್ಕೆ ಬಂದ. ಹದಿಮೂರೈದ್ಲ ಅರವತ್ತೈದು, ಹದಿಮೂರಾರ್ಲ ಎಪ್ಪತ್ತೆಂಟು, ಹದಿಮೂರೇಳ್ಲ...

ನಿಂತುಹೋಯಿತು. ಬೇಕೆಂದು ನಿಲ್ಲಿಸಿದ್ದಲ್ಲ. ಎರಡು ದಿನ ಕಲಿತದ್ದೆಲ್ಲ ತಲೆಯಿಂದ ಹಾರಿಹೋಗಿ ಅವನು ಎಂಟು ವರ್ಷದವನ ಹಾಗೆ ಭಟ್ಟಿಯ ಬಾಗಿಲು ನೋಡುತ್ತ ನಿಂತ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಮೂವತ್ತೈದು ವರ್ಷದ ಉತ್ತರ ಅವರ ತುಟಿಗೆ ಬಂದಿತ್ತು. "ತೊಂ..." ಎಂದರು.

"ಸುಮ್ನಿರಿ ಮೇಷ್ಟ್ರೇ. ಅವನೇ ಯೋಚನೆ ಮಾಡ್ಲಿ," ಎಂದರು ಮಾವ.

ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಭಟ್ಟಿಯಿಂದ ಮೆಲ್ಲಗೆ ವಾಸನೆ ಬರಲು ಶುರುವಾಯಿತು, ಮೊದಲು ಸಕ್ಕರೆಯದು, ಆಮೇಲೆ ಇನ್ನೊಂದು. ಮಹಡಿ ಅಮ್ಮ "ಅಯ್ಯೋ, ಅತ್ತಿಗೆ," ಎಂದು ಮೆಲ್ಲಗೆ ಹೇಳಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

"ತೊಂಬತ್ತೊಂದು," ಎಂದ ಪಂಡಿತ.

ತಗಡು ಹೊರಗೆ ಬಂದಾಗ ಬಿಸ್ಕತ್ತು ಅಂಚಿನಲ್ಲಿ ಒಂದು ಚೂರು ಕೆಂಪಗಾಗಿತ್ತು. ಇನ್‌ಸ್ಪೆಕ್ಟರ್ ಒಂದನ್ನು ಮುರಿದರು. ಪಕ್ಕದ ಕೋಣೆಗೂ ಕೇಳಿಸಿರಬೇಕು. ಅವರು ತಿಂದು ಮುಗಿಸಿ, ಇನ್ನೊಂದು ತೆಗೆದುಕೊಂಡು, ಇಲಾಖೆಯ ಅಭಿಪ್ರಾಯವೂ ಇದೇ ಇರಬಹುದು ಎಂದು ಹೇಳಿ ಸಹಿ ಹಾಕಿದರು. ಅವಧಿಯ ಜಾಗದಲ್ಲಿ ಅವರು 'ಹದಿನಾರರ ಮಗ್ಗಿಯವರೆಗೆ, ಹದಿಮೂರರಲ್ಲಿ ತಡೆಯೊಂದಿಗೆ' ಎಂದು ಬರೆದ ಫೈಲು ಯಾವುದೋ ಬೀರುವಿನಲ್ಲಿ ಇವತ್ತಿಗೂ ಇದೆ ಎಂದು ಟೈಲರ್ ಹೇಳುತ್ತಾನೆ. ಟೈಲರನ ಮಾತು, ಅಳತೆ ಬಿಟ್ಟು ಮಿಕ್ಕದ್ದಕ್ಕೆ ಹೊಣೆಯಿಲ್ಲ.

ಗೋಡೆ ಹಾಗೇ ಇದೆ. ಮಾವ ಈಗ ಮಧ್ಯಾಹ್ನ ಮಲಗುವುದಿಲ್ಲ. ಮೂರೂವರೆಗೆ ಪಂಡಿತ ಬರುತ್ತಾನೆ, ಮಾವ ತಗಡು ಒಳಗಿಡುತ್ತಾರೆ, ಇಬ್ಬರೂ ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಮಗ್ಗಿ ಹೇಳುತ್ತಾರೆ, ಒಳಗೆ ಯಾರೋ ಮಲಗಿರುವ ಹಾಗೆ. ಹದಿಮೂರೇಳ್ಲ ಎಂದು ಹೇಳಿ ಇಬ್ಬರೂ ಸುಮ್ಮನಾಗುತ್ತಾರೆ. ಉತ್ತರ ಇಬ್ಬರಿಗೂ ಗೊತ್ತು. ಯಾರೂ ಹೇಳುವ ಅವಸರ ಮಾಡುವುದಿಲ್ಲ.